ಇಂಟ್ರಾಡೇಲಿ ಲಾಸ್ ಆದ್ರೆ ಮೊದ್ಲು ತೆಗೆದು ನೋಡ್ಬೇಕಾಗಿರೋದು ಚಾರ್ಟ್ ಅಲ್ಲ, ಕಾಂಟ್ರಾಕ್ಟ್ ನೋಟ್

ದಾವಣಗೆರೆ_ಲೆಕ್ಕ

ನಾನು ಟ್ರೇಡರ್ ಅಲ್ಲ, ಟ್ಯಾಕ್ಸ್ ರಿಟರ್ನ್ಸ್ ಫೈಲ್ ಮಾಡೋ ಆಫೀಸಲ್ಲಿ ಕೆಲಸ. ಜೂನ್ ಜುಲೈ ಬಂತು ಅಂದ್ರೆ ಇಂಟ್ರಾಡೇ (ಶೇರ್ ತಗೊಂಡು ಅದೇ ದಿನ ಮಾರೋದು) ಮಾಡೋ ಹುಡುಗರು ಬ್ರೋಕರ್ ಕೊಟ್ಟ ಪಿ ಅಂಡ್ ಎಲ್ (ಲಾಭ ನಷ್ಟದ) ಫೈಲ್ ಹಿಡ್ಕೊಂಡು ಬರ್ತಾರೆ, ಇತ್ತೀಚಿನ ವರ್ಷಗಳಲ್ಲಿ ಇಂಥೋರು ತುಂಬಾ ಜಾಸ್ತಿ ಆಗಿದಾರೆ, ಅದ್ರಲ್ಲೂ ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಸೇರಿರೋರು. ಕೂತ್ಕೊಂಡು ಮಾತಾಡ್ಸಿದ್ರೆ ಎಲ್ರೂ ಹೇಳೋದು ಒಂದೇ, ಸರ್ ನಂದು ಸ್ಟ್ರಾಟಜಿ ಸರಿ ಇರ್ಲಿಲ್ಲ, ಈಗ ಹೊಸ ಇಂಡಿಕೇಟರ್ ಕಲೀತಿದೀನಿ ಅಂತ. ಆದ್ರೆ ಫೈಲ್ ಬಿಚ್ಚಿ ನೋಡಿದ್ರೆ ಕಥೆ ಬೇರೆ ಇರುತ್ತೆ. ತುಂಬಾ ಜನಕ್ಕೆ ಶೇರಿಂದ ಆದ ಲಾಸ್ ಎಷ್ಟು, ಚಾರ್ಜಸ್‌ಗೆ ಹೋಗಿದ್ದೆಷ್ಟು ಅಂತ ಬೇರೆ ಬೇರೆ ಗೊತ್ತೇ ಇರಲ್ಲ. ಅದೆಲ್ಲ ಇರೋದು ಕಾಂಟ್ರಾಕ್ಟ್ ನೋಟಲ್ಲಿ, ಅಂದ್ರೆ ಟ್ರೇಡ್ ಮಾಡಿದ್ದಕ್ಕೆ ಬ್ರೋಕರ್ ಕಳಿಸೋ ಬಿಲ್ಲಲ್ಲಿ.

ಒಂದು ಲೆಕ್ಕ ಹಾಕ್ತೀನಿ, ನಿಧಾನಕ್ಕೆ ಓದಿ. ಅಕೌಂಟಲ್ಲಿ 20,000 ಇದೆ ಅಂತ ಇಟ್ಕೊಳ್ಳಿ. ಇಂಟ್ರಾಡೇಗೆ ಬ್ರೋಕರ್ ಕಡೆಯಿಂದ ಐದು ಪಟ್ಟು ತನಕ ಲಿಮಿಟ್ ಸಿಗುತ್ತೆ, ಅಂದ್ರೆ 1 ಲಕ್ಷದ ಶೇರ್ ತಗೋಬಹುದು. ತಗೊಂಡು ಅದೇ ರೇಟಿಗೆ ಮಾರಿದ್ರಿ, ಲಾಭನೂ ಇಲ್ಲ ಲಾಸೂ ಇಲ್ಲ ಅನ್ಕೊಳ್ಳಿ. ಡಿಸ್ಕೌಂಟ್ ಬ್ರೋಕರ್ (ಕಮ್ಮಿ ಫೀಸಿನೋರು) ಆದ್ರೂ ಆರ್ಡರಿಗೆ 20 ರೂಪಾಯಿ ಬ್ರೋಕರೇಜು, ತಗೊಳೋಕೆ ಮಾರೋಕೆ ಸೇರಿ 40. ಮಾರುವಾಗ ಎಸ್‌ಟಿಟಿ (ಶೇರ್ ವ್ಯವಹಾರದ ಮೇಲಿನ ತೆರಿಗೆ) 0.025% ಅಂದ್ರೆ 25 ರೂಪಾಯಿ. ತಗೊಳೋವಾಗ ಸ್ಟಾಂಪ್ ಡ್ಯೂಟಿ 0.003%, 3 ರೂಪಾಯಿ. ಎಕ್ಸ್‌ಚೇಂಜ್ ಚಾರ್ಜ್ ಸುಮಾರು 6. ಬ್ರೋಕರೇಜು ಮತ್ತು ಎಕ್ಸ್‌ಚೇಂಜ್ ಚಾರ್ಜ್ ಮೇಲೆ 18% ಜಿಎಸ್‌ಟಿ, ಸುಮಾರು 8. ಎಲ್ಲಾ ಸೇರಿ ಹತ್ತತ್ರ 82 ರೂಪಾಯಿ ಹೋಯ್ತು, ಶೇರ್ ಒಂದು ಪೈಸೆ ಅಲ್ಲಾಡದೇನೇ. ಈ ತರ ದಿನಕ್ಕೆ ಐದು ಟ್ರೇಡ್ ಅಂದ್ರೆ 410. ತಿಂಗಳಿಗೆ 20 ದಿನ ಮಾರ್ಕೆಟ್ ಅಂದ್ರೆ 8,200. ನೀವು ಹಾಕಿದ ದುಡ್ಡೇ 20,000. ತಿಂಗಳಿಗೆ ಬಂಡವಾಳದ 41% ಲಾಭ ಮಾಡಿದ್ರೆ ಆಗ ನೀವು ಇದ್ದಲ್ಲೇ ಇರ್ತೀರ, ಅಷ್ಟೇ. ಇಷ್ಟು ಲಾಭ ಪ್ರತಿ ತಿಂಗಳು ಮಾಡೋರು ಯಾರಿದಾರೆ ಹೇಳಿ.

ಇದು ನನ್ನ ಊಹೆ ಅಲ್ಲ, ಸೆಬಿ (ಶೇರ್ ಮಾರ್ಕೆಟ್ ನಿಯಂತ್ರಿಸೋ ಸಂಸ್ಥೆ) 2024ರ ಜುಲೈನಲ್ಲಿ ಇಂಟ್ರಾಡೇ ಮೇಲೆ ಒಂದು ಸ್ಟಡಿ ಬಿಡ್ತು. 2022-23ರಲ್ಲಿ ಕ್ಯಾಶ್ ಸೆಗ್ಮೆಂಟ್ (ನೇರ ಶೇರ್) ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಜನಕ್ಕೆ ಲಾಸ್. ಲಾಸ್ ಮಾಡ್ಕೊಂಡೋರು ಆ ಲಾಸಿನ ಮೇಲೆ ಇನ್ನೂ 57% ಚಾರ್ಜಸ್ ಕಟ್ಟಿದಾರೆ. 30 ವರ್ಷದ ಒಳಗಿನೋರಲ್ಲಿ ಲಾಸ್ ಆದೋರು 76%. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಹೊಡೆದೋರಲ್ಲಿ 80%. ಜಾಸ್ತಿ ಮಾಡ್ತಾ ಮಾಡ್ತಾ ಕಲೀತೀವಿ ಅನ್ನೋ ನಂಬಿಕೆ ಇದ್ಯಲ್ಲ, ಅಂಕಿ ಅದರ ಉಲ್ಟಾ ಹೇಳ್ತಿದೆ.

ಅದಕ್ಕೇ ಈ ಥ್ರೆಡ್ ಹಾಕಿದ್ದು. ತಪ್ಪು ಮಾಡದೇ ಯಾರೂ ಕಲಿಯಲ್ಲ, ಒಪ್ತೀನಿ, ಆದ್ರೆ ತಪ್ಪಿಂದ ಕಲೀಬೇಕು ಅಂದ್ರೆ ಆ ತಪ್ಪು ಸಣ್ಣದಾಗಿರಬೇಕು, ಬರೆದಿಟ್ಟಿರಬೇಕು. ದೊಡ್ಡ ಕ್ವಾಂಟಿಟೀಲಿ ತಪ್ಪು ಮಾಡಿದೋನು ಕಲಿಯೋಕೆ ಮುಂಚೆನೇ ದುಡ್ಡು ಖಾಲಿ ಮಾಡ್ಕೊಂಡು ಹೋಗಿರ್ತಾನೆ. ನಿಮ್ಮ ಅನುಭವ ಏನು, ಹೊಸಬರಿಗೆ ಉಪಯೋಗ ಆಗೋ ತರ ಬರೀರಿ.

ಹುಬ್ಳಿ_ಧಾರವಾಡ_ಬಸ್

ಸರ, ಭಾಳ ಚಲೋ ಬರದೀರಿ. ಒಂದ್ ಡೌಟ್ ಐತಿ ನೋಡ್ರಿ. ಆಡ್ ಒಳಗ ಜೀರೋ ಬ್ರೋಕರೇಜ್ ಅಂತ ಹೇಳ್ತಾರಲ್ರಿ, ನಮ್ ರೂಮಿನ ಹುಡುಗ್ರೆಲ್ಲ ಅದನ್ನ ನೋಡೇ ಅಕೌಂಟ್ ತಗದಾರ.

ದಾವಣಗೆರೆ_ಲೆಕ್ಕ

@ಹುಬ್ಳಿ_ಧಾರವಾಡ_ಬಸ್ ಸಾಮಾನ್ಯವಾಗಿ ಆ ಜೀರೋ ಡೆಲಿವರಿಗೆ (ಶೇರ್ ತಗೊಂಡು ಅದೇ ದಿನ ಮಾರದೇ ಇಟ್ಕೊಳೋದಕ್ಕೆ) ಇರುತ್ತೆ ರೀ, ಇಂಟ್ರಾಡೇಗಲ್ಲ. ಇಂಟ್ರಾಡೇಲಿ ಎಷ್ಟೋ ಕಡೆ 20 ರೂಪಾಯಿ ಅಥವಾ 0.03%, ಎರಡರಲ್ಲಿ ಯಾವ್ದು ಕಮ್ಮಿನೋ ಅದು. ಒಂದು ವೇಳೆ ಬ್ರೋಕರೇಜ್ ಪೂರ್ತಿ ಸೊನ್ನೆ ಅಂತ್ಲೇ ಇಟ್ಕೊಂಡ್ರೂ ಎಸ್‌ಟಿಟಿ, ಸ್ಟಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಚಾರ್ಜ್ ಎಲ್ಲೂ ಹೋಗಲ್ಲ. ದಿನಾ ಸಂಜೆ ಅಥವಾ ಮಾರನೇ ದಿನ ಮೇಲ್‌ಗೆ ಕಾಂಟ್ರಾಕ್ಟ್ ನೋಟ್ ಬರುತ್ತೆ, ಪಾಸ್‌ವರ್ಡ್ ಸಾಮಾನ್ಯವಾಗಿ ಪ್ಯಾನ್ ನಂಬರು. ಅದನ್ನ ತೆಗೆಯೋರೇ ಇಲ್ಲ, ತೆಗೆದು ಕೊನೇ ಪುಟದ ಟೋಟಲ್ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ತುಮಕೂರು_ಹೊಸಬ

ಸರ್ ನಮಸ್ಕಾರ, ನಿಮ್ಮ ಪೋಸ್ಟ್ ನನಗೇ ಬರೆದಂಗಿದೆ. ಸಂಬಳದಲ್ಲಿ ಉಳಿಸಿದ್ದು 40,000 ಹಾಕಿ ಶುರು ಮಾಡಿದ್ದೆ, ಈಗ 26 ಸಾವಿರದ ಹತ್ರ ಇದೆ. ಜಾಸ್ತಿ ಟ್ರೇಡ್‌ಗಳಲ್ಲಿ ಲಾಭನೇ ಬಂದಿದೆ ಸರ್, ಅದೇ ನನಗೆ ಅರ್ಥ ಆಗ್ತಿಲ್ಲ, ದಿನಾ 300, 400 ಹಿಂಗೆ ಬರ್ತಿತ್ತು, ಮಧ್ಯೆ ಎರಡು ದಿನ ಮಾತ್ರ ದೊಡ್ಡ ಲಾಸ್ ಆಯ್ತು, ಅದ್ರಲ್ಲೇ ಎಲ್ಲಾ ಹೋಯ್ತು. ಒಂದ್ಸಲ ಶೇರ್ ಕೆಳಗೆ ಹೋಗ್ತಿತ್ತು, ಆವರೇಜ್ ಮಾಡಿದೆ, ಅಂದ್ರೆ ಕಮ್ಮಿ ರೇಟಿಗೆ ಇನ್ನಷ್ಟು ತಗೊಂಡೆ, ಇನ್ನೂ ಹೋಯ್ತು, ಮತ್ತೆ ಆವರೇಜ್ ಮಾಡಿದೆ, 3:15ಕ್ಕೆ ಬ್ರೋಕರ್ ಕಡೆಯಿಂದ್ಲೇ ಸ್ಕ್ವೇರ್ ಆಫ್ ಆಗೋಯ್ತು, ಅಂದ್ರೆ ಅವರೇ ಮಾರಿಬಿಟ್ರು. ಡೆಲಿವರಿಗೆ ಕನ್ವರ್ಟ್ ಮಾಡೋಣ ಅಂದ್ರೆ ಅಷ್ಟು ದುಡ್ಡು ಅಕೌಂಟಲ್ಲಿ ಇರ್ಲಿಲ್ಲ. ಈಗ ನಿಲ್ಲಿಸ್ಬೇಕಾ ಮುಂದುವರಿಸ್ಬೇಕಾ ಅಂತ ದಯವಿಟ್ಟು ಹೇಳಿ.

ಮೈಸೂರು_ಗಣಿತ_ಮೇಷ್ಟ್ರು

@ತುಮಕೂರು_ಹೊಸಬ ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ, ಲಾಭದ ಟ್ರೇಡ್ ಜಾಸ್ತಿ ಇದ್ರೂ ಯಾಕೆ ದುಡ್ಡು ಕಮ್ಮಿ ಆಯ್ತು ಅಂತ. ಹತ್ತರಲ್ಲಿ ಎಷ್ಟು ಗೆದ್ದೆ ಅನ್ನೋದು ಅರ್ಧ ಲೆಕ್ಕ ಮಾತ್ರ. ಗೆದ್ದಾಗ ಎಷ್ಟು ಬಂತು, ಸೋತಾಗ ಎಷ್ಟು ಹೋಯ್ತು ಅನ್ನೋದು ಇನ್ನರ್ಧ. ನೀವು 300 ಬಂದ ತಕ್ಷಣ ಹೊರಗೆ ಬರ್ತೀರ, ಲಾಸ್ ಆದ್ರೆ ಮಾತ್ರ ವಾಪಸ್ ಬರುತ್ತೆ ಅಂತ ಕಾಯ್ತೀರ. ಇದು ನಿಮ್ಮೊಬ್ಬರ ಸ್ವಭಾವ ಅಲ್ಲ, ಶೆಫ್ರಿನ್ ಮತ್ತು ಸ್ಟ್ಯಾಟ್‌ಮನ್ ಅನ್ನೋ ಇಬ್ಬರು 1985ರಲ್ಲೇ ಇದಕ್ಕೆ ಡಿಸ್ಪೊಸಿಷನ್ ಎಫೆಕ್ಟ್ ಅಂತ ಹೆಸರಿಟ್ಟು ಪೇಪರ್ ಬರೆದಿದಾರೆ.

ಉಲ್ಟಾ ಉದಾಹರಣೆ ತಗೊಳ್ಳಿ. ಹತ್ತು ಟ್ರೇಡಲ್ಲಿ ನಾಲ್ಕೇ ಗೆದ್ರಿ, ಒಂದೊಂದ್ರಲ್ಲಿ 1,000 ಬಂತು, ಒಟ್ಟು 4,000. ಆರು ಸೋತ್ರಿ, ಒಂದೊಂದ್ರಲ್ಲಿ 500 ಹೋಯ್ತು, ಒಟ್ಟು 3,000. ಉಳಿದಿದ್ದು 1,000. ಪೇಪರ್ ಮೇಲೆ ಒಳ್ಳೆ ಸಿಸ್ಟಮ್. ಈಗ ಲೆಕ್ಕದ ಸರ್ ಹೇಳಿದ 82 ರೂಪಾಯಿನ ಹತ್ತು ಟ್ರೇಡಿಗೆ ಕಳೀರಿ, 820. ಉಳಿದಿದ್ದು 180. ಗೆದ್ದ ಟ್ರೇಡುಗಳಲ್ಲಿ ಸರಾಸರಿ 50 ರೂಪಾಯಿ ಮುಂಚೆ ಹೊರಗೆ ಬಂದ್ರೂ ಸಾಕು, 3,800 ಬಂದು 3,820 ಹೋಗುತ್ತೆ, ಮೈನಸ್. ಇಷ್ಟು ತೆಳ್ಳಗಿನ ಗೆರೆ ಮೇಲೆ ನಡೀತಿದೆ ಅನ್ನೋದು ಗೊತ್ತಿದ್ರೆ ಬೇಸರಕ್ಕೊಂದು, ಹಠಕ್ಕೊಂದು ಅಂತ ಯಾರೂ ಆರ್ಡರ್ ಒತ್ತಲ್ಲ.

ಇನ್ನೊಂದು ವಿಷಯ, ಹೋದ ದುಡ್ಡು ವಾಪಸ್ ಬರೋಕೆ ಬೇಕಾದ ಶೇಕಡಾ ಯಾವಾಗ್ಲೂ ಜಾಸ್ತಿನೇ ಇರುತ್ತೆ. 20% ಹೋದ್ರೆ 25% ಬೇಕು. ಅರ್ಧ ಹೋದ್ರೆ ಇರೋದನ್ನ ಡಬಲ್ ಮಾಡ್ಬೇಕು. 40ರಿಂದ 26ಕ್ಕೆ ಬಂದಿದೀರ ಅಂದ್ರೆ ವಾಪಸ್ 40 ಆಗೋಕೆ ಸುಮಾರು 54% ಬೇಕು. ಅದನ್ನ ಬೇಗ ತೆಗೀಬೇಕು ಅನ್ನೋ ಆತುರ ಬಂದಾಗ್ಲೇ ಕ್ವಾಂಟಿಟಿ ಜಾಸ್ತಿ ಆಗೋದು.

ದಾವಣಗೆರೆ_ಲೆಕ್ಕ

@ತುಮಕೂರು_ಹೊಸಬ ತಮ್ಮಾ, ನಿಲ್ಲಿಸು ಅಂತ ನಾನು ಹೇಳಲ್ಲ, ಆದ್ರೆ ಇರೋ 26 ಸಾವಿರದಲ್ಲಿ 20 ಸಾವಿರ ಬ್ಯಾಂಕಿಗೆ ವಾಪಸ್ ಹಾಕ್ಕೊ, ಇವತ್ತೇ. ಉಳಿದಿದ್ರಲ್ಲಿ ಐದು ಪಟ್ಟು ತಗೊಳ್ದೇ ಸಣ್ಣ ಕ್ವಾಂಟಿಟೀಲಿ ಮಾಡು. ಬ್ರೋಕರೇಜ್ 0.03% ಲೆಕ್ಕ ಆದ್ರೆ 10,000 ರೂಪಾಯಿ ಟ್ರೇಡಿಗೆ ಚಾರ್ಜ್ 10, 11 ರೂಪಾಯಿ ಆಗುತ್ತೆ, ಶೇಕಡಾವಾರು ಜಾಸ್ತಿನೇ, ಆದ್ರೆ ಕಲಿಯೋ ಫೀಸು ಅಂತ ಲೆಕ್ಕ ಹಾಕಿದ್ರೆ ಅಷ್ಟು ಕೊಡಬಹುದು.

ಕ್ವಾಂಟಿಟಿ ಹೆಂಗೆ ತೆಗೆಯೋದು ಅಂತ ನಿನ್ನ ಹಳೇ 40,000ಕ್ಕೇ ತೋರಿಸ್ತೀನಿ. ಒಂದು ಟ್ರೇಡಲ್ಲಿ ತಪ್ಪಾದ್ರೆ 1%ಗಿಂತ ಜಾಸ್ತಿ ಹೋಗ್ಬಾರ್ದು, ಅಂದ್ರೆ 400 ರೂಪಾಯಿ. ಶೇರ್ 500ಕ್ಕೆ ತಗೋತೀಯ, ಚಾರ್ಟ್ ನೋಡಿದ್ರೆ 492 ಮುರಿದ್ರೆ ನಿನ್ನ ಲೆಕ್ಕಾಚಾರ ತಪ್ಪು ಅಂತ ಗೊತ್ತಾಗುತ್ತೆ. ಅಂದ್ರೆ ಶೇರಿಗೆ 8 ರೂಪಾಯಿ ರಿಸ್ಕ್. 400ನ್ನ 8ರಿಂದ ಭಾಗಿಸು, 50 ಶೇರು. ಅಷ್ಟೇ ತಗೋಬೇಕು. ನೀನೇನು ಮಾಡಿರ್ತೀಯ, ಆ್ಯಪು 2 ಲಕ್ಷದ ತನಕ ಬಿಡ್ತು ಅಂತ 400 ಶೇರ್ ತಗೊಂಡಿರ್ತೀಯ, ಅದೇ 8 ರೂಪಾಯಿಗೆ 3,200 ಹೋಗಿರುತ್ತೆ. ಚಾರ್ಟ್ ಒಂದೇ, ತಪ್ಪೂ ಒಂದೇ, ಪೆಟ್ಟು ಎಂಟು ಪಟ್ಟು. ಆವರೇಜ್ ಮಾಡಿದ್ದು ಸೇರಿಸಿದ್ರೆ ಇನ್ನೂ ಜಾಸ್ತಿ. ಎಷ್ಟು ಲಿಮಿಟ್ ಸಿಗುತ್ತೆ ಅಂತ ನೋಡಿ ಕ್ವಾಂಟಿಟಿ ಹಾಕೋದನ್ನ ಬಿಟ್ರೆ ಅರ್ಧ ಸಮಸ್ಯೆ ಕಮ್ಮಿ.

ರಾಜಾಜಿನಗರ_ಸ್ಕ್ಯಾಲ್ಪರ್

ಸ್ವಲ್ಪ ವಿರೋಧ ಇದೆ ಗುರು. 1% ರೂಲು, ಸ್ಟಾಪ್ ಲಾಸ್ (ಇಷ್ಟಕ್ಕೆ ಬಿದ್ರೆ ಮಾರಿ ಹೊರಗೆ ಬರೋ ರೇಟು), ಇವೆಲ್ಲ ಯೂಟ್ಯೂಬಲ್ಲಿ ಎಲ್ಲರೂ ಹೇಳ್ತಾರೆ. ಪ್ರಾಕ್ಟಿಕಲ್ ಆಗಿ ಏನಾಗುತ್ತೆ ಅಂದ್ರೆ ಸ್ಟಾಪ್ ಲಾಸ್ ಹೊಡೆದು ಅಲ್ಲಿಂದ್ಲೇ ಶೇರ್ ಮೇಲೆ ಹೋಗುತ್ತೆ. ದಿನಕ್ಕೆ ಮೂರು ಸಲ ಹಿಂಗಾದ್ರೆ ಯಾರಿಗೆ ತಾಳ್ಮೆ ಇರುತ್ತೆ. ಆಪರೇಟರ್‌ಗಳು (ರೇಟ್ ಆಡಿಸೋ ದೊಡ್ಡೋರು) ರಿಟೇಲ್, ಅಂದ್ರೆ ನಮ್ಮಂಥ ಸಣ್ಣೋರ ಸ್ಟಾಪ್ ಲಾಸ್ ಎಲ್ಲಿದೆ ಅಂತ ನೋಡ್ಕೊಂಡೇ ಹೊಡೀತಾರೆ ಅನ್ನೋದು ನನ್ನ ನಂಬಿಕೆ. ನಾನು ಸ್ಕ್ರೀನ್ ಮುಂದೆ ಕೂತಿರ್ತೀನಿ, ಮೆಂಟಲ್ ಸ್ಟಾಪ್ ಲಾಸ್ ಇಟ್ಕೋತೀನಿ, ಸಿಸ್ಟಮ್‌ಗೆ ಹಾಕಲ್ಲ.

ಮೈಸೂರು_ಗಣಿತ_ಮೇಷ್ಟ್ರು

@ರಾಜಾಜಿನಗರ_ಸ್ಕ್ಯಾಲ್ಪರ್ ಶೇರ್ ಐದು ನಿಮಿಷದಲ್ಲಿ ಸುಮ್ನೆ 4 ರೂಪಾಯಿ ಮೇಲೆ ಕೆಳಗೆ ಆಡೋ ತರದ್ದಾದ್ರೆ 2 ರೂಪಾಯಿ ಸ್ಟಾಪ್ ಲಾಸ್ ಯಾರೂ ಹುಡುಕಿ ಹೊಡೀಬೇಕಾಗಿಲ್ಲ, ತಾನಾಗೇ ಹೊಡೆಯುತ್ತೆ. ಹೊಸಬರು ಜಾಸ್ತಿ ಕ್ವಾಂಟಿಟಿ ತಗೊಂಡು, ಲಾಸ್ ಕಮ್ಮಿ ಇರ್ಲಿ ಅಂತ ಸ್ಟಾಪ್ ಲಾಸನ್ನ ಹತ್ರ ತರ್ತಾರೆ. ಅದು ಉಲ್ಟಾ ಆಗ್ಬೇಕು, ಸ್ಟಾಪ್ ಲಾಸ್ ಎಲ್ಲಿರಬೇಕು ಅನ್ನೋದನ್ನ ಆ ಶೇರಿನ ಓಡಾಟ ಹೇಳ್ಬೇಕು, ಅದಕ್ಕೆ ತಕ್ಕ ಹಾಗೆ ಕ್ವಾಂಟಿಟಿ ಕಮ್ಮಿ ಆಗ್ಬೇಕು.

ಮೆಂಟಲ್ ಸ್ಟಾಪ್ ಲಾಸ್ ಬಗ್ಗೆ 2024ರ ಜೂನ್ 4 ನೆನಪಿಸ್ಕೊಳ್ಳಿ. ಹಿಂದಿನ ದಿನ ಎಕ್ಸಿಟ್ ಪೋಲ್ ನೋಡಿ ನಿಫ್ಟಿ (50 ದೊಡ್ಡ ಕಂಪನಿಗಳ ಶೇರ್ ಸೂಚ್ಯಂಕ) 3%ಗಿಂತ ಮೇಲೆ ಹೋಗಿ 23,263ಕ್ಕೆ ನಿಂತಿತ್ತು. ಎಲೆಕ್ಷನ್ ರಿಸಲ್ಟ್ ದಿನ ಸುಮಾರು 6% ಬಿದ್ದು 21,884ಕ್ಕೆ ಕ್ಲೋಸ್ ಆಯ್ತು. ಅಂಥ ಓಟದಲ್ಲಿ ತಲೆಯೊಳಗಿನ ಸ್ಟಾಪ್ ಲಾಸ್ ನೋಡಿ ಬಟನ್ ಒತ್ತೋಷ್ಟರಲ್ಲಿ ರೇಟ್ ಎಲ್ಲೋ ಹೋಗಿರುತ್ತೆ.

ರಾಜಾಜಿನಗರ_ಸ್ಕ್ಯಾಲ್ಪರ್

ಜೂನ್ 4 ವಿಚಾರ ಒಪ್ತೀನಿ. ಆದ್ರೂ ಸಿಸ್ಟಮ್‌ಗೆ ಹಾಕಿದ ಸ್ಟಾಪ್ ಲಾಸೂ ಅದೇ ರೇಟಿಗೆ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅಲ್ವಾ, ಹೊಸಬರಿಗೆ ಅದನ್ನೂ ಹೇಳಿ. ಲಿಮಿಟ್ ಇರೋ ಎಸ್‌ಎಲ್ (ಸ್ಟಾಪ್ ಲಾಸ್) ಆರ್ಡರ್ ಹಾಕಿ ಟ್ರಿಗರ್ ರೇಟು (ಆರ್ಡರ್ ಚಾಲೂ ಆಗೋ ರೇಟು) ಲಿಮಿಟ್ ರೇಟು (ಇದಕ್ಕಿಂತ ಕಮ್ಮಿಗೆ ಮಾರಲ್ಲ ಅನ್ನೋ ರೇಟು) ಎರಡೂ ಒಂದೇ ಇಟ್ರೆ ಬೀಳೋ ಸ್ಪೀಡಲ್ಲಿ ಟ್ರಿಗರ್ ಆಗುತ್ತೆ, ಎಕ್ಸಿಕ್ಯೂಟ್ ಆಗಲ್ಲ, ಆರ್ಡರ್ ಮೇಲೆ ನಿಂತಿರುತ್ತೆ ರೇಟ್ ಕೆಳಗೆ ಓಡ್ತಿರುತ್ತೆ. ಎರಡರ ನಡುವೆ ಜಾಗ ಬಿಡ್ಬೇಕು. ಕಮ್ಮಿ ವಾಲ್ಯೂಮ್ ಶೇರಲ್ಲಿ ಮಾರ್ಕೆಟ್ ಆರ್ಡರ್ (ಸಿಕ್ಕ ರೇಟಿಗೆ ಆಗೋ ಆರ್ಡರ್) ಹಾಕಿದ್ರೆ ಇನ್ನೊಂದು ಕಷ್ಟ, ಬೈಯರ್ ಸೆಲ್ಲರ್ ನಡುವೆ ಅಂತರನೇ ಒಂದು ರೂಪಾಯಿ ಇದ್ರೆ ತಗೊಂಡ ಕ್ಷಣದಲ್ಲೇ ಒಂದು ರೂಪಾಯಿ ಲಾಸಲ್ಲಿ ಇರ್ತೀವಿ. ಹೊಸಬರು ನಿಫ್ಟಿ 50 ಒಳಗಿನ ಶೇರ್ ಬಿಟ್ಟು ಹೊರಗೆ ಇಂಟ್ರಾಡೇ ಮಾಡದೇ ಇರೋದು ವಾಸಿ.

ಕುಡ್ಲ_ಕಡಲು

ಇದಕ್ಕೊಂದು ಸೇರಿಸ್ತೇನೆ ಮಾರಾಯ್ರೆ. ಸಣ್ಣ ಶೇರುಗಳಲ್ಲಿ ಶಾರ್ಟ್ ಮಾಡುವವರು ತುಂಬ ಜಾಗ್ರತೆ ಬೇಕು. ಬೆಳಿಗ್ಗೆ ಮಾರಿ ಮಧ್ಯಾಹ್ನ ಕಡಿಮೆಗೆ ತೆಗೊಳ್ಳುವ ಅಂತ ಇರ್ತಾರೆ, ಅಷ್ಟರಲ್ಲಿ ಅಪ್ಪರ್ ಸರ್ಕ್ಯೂಟ್ (ಆ ದಿನಕ್ಕೆ ರೇಟು ಏರಬಹುದಾದ ಮಿತಿ) ಬಿದ್ದರೆ ಮಾರುವವರೇ ಇಲ್ಲ, ನಿಮಗೆ ವಾಪಸ್ ತೆಗೊಳ್ಳಲಿಕ್ಕೆ ಶೇರೇ ಸಿಗುವುದಿಲ್ಲ. ನಿಮ್ಮ ಡಿಮ್ಯಾಟಲ್ಲಿ (ಶೇರು ಇಡುವ ಖಾತೆಯಲ್ಲಿ) ಆ ಶೇರು ಇಲ್ಲ, ಆದರೆ ಕೊಡಬೇಕಾದ ಜವಾಬ್ದಾರಿ ನಿಮ್ಮದೇ. ಅದು ಎಕ್ಸ್‌ಚೇಂಜಿನ ಆಕ್ಷನಿಗೆ (ಹರಾಜಿಗೆ) ಹೋಗ್ತದೆ, ಅಲ್ಲಿ ಯಾವ ರೇಟಿಗೆ ಸಿಗ್ತದೋ ಆ ರೇಟು ನೀವು ಕೊಡಬೇಕು, ಮೇಲೆ ಪೆನಾಲ್ಟಿ ಬೇರೆ. ಸ್ಟಾಪ್ ಲಾಸ್ ಹಾಕಿದರೂ ಸರ್ಕ್ಯೂಟಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಶೇರಿಗೆ ಸರ್ಕ್ಯೂಟ್ ಎಷ್ಟು ಅಂತ ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ಸೈಟಲ್ಲೇ ಉಂಟು, 5% ಉಂಟಾ 10% ಉಂಟಾ 20% ಉಂಟಾ ಅಂತ ನೋಡಿಯೇ ಶಾರ್ಟ್ ಮಾಡಿ. ನಮ್ಮ ಪರಿಚಯದ ಹುಡುಗ ಒಬ್ಬ ಹೀಗೆ ಸಿಕ್ಕಿ ಬಿದ್ದ, ಅವನಿಗೆ ಆಕ್ಷನ್ ಅಂತ ಒಂದು ಇದೆ ಅಂತಲೇ ಗೊತ್ತಿರಲಿಲ್ಲ.

ಹುಬ್ಳಿ_ಧಾರವಾಡ_ಬಸ್

ಇದು ನನಗೂ ಗೊತ್ತಿರಲಿಲ್ರಿ. ಥ್ಯಾಂಕ್ಸ್.

ಜೆಸಿರೋಡ್_ಹಳಬರು

ಎಲ್ಲರದ್ದೂ ಓದಿದೆ, ಸಂತೋಷ ಆಯ್ತು. ನಾನು ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಇದ್ದ ಕಾಲದೋನು. ಜೆಸಿ ರೋಡಲ್ಲಿತ್ತು, 1963ರಲ್ಲಿ ಶುರುವಾಗಿದ್ದು, 2014ರ ಡಿಸೆಂಬರಲ್ಲಿ ಸೆಬಿ ಎಕ್ಸಿಟ್ ಆರ್ಡರ್ ಕೊಟ್ಮೇಲೆ ಮುಗೀತು. ಆಗ ಬದ್ಲಾ ಅಂತ ಇತ್ತು, ದುಡ್ಡು ಪೂರ್ತಿ ಕೊಡದೇ ಸೆಟ್ಲ್‌ಮೆಂಟ್ ಮುಂದಕ್ಕೆ ಹಾಕ್ಕೊಂಡು ಹೋಗೋದು. ಎಷ್ಟೋ ಮನೆಗಳು ಹಾಳಾದ್ವು. 2001ರಲ್ಲಿ ನಿಲ್ಲಿಸಿದ್ರು. ಆಮೇಲೆ ಆನ್‌ಲೈನ್ ಬ್ರೋಕರ್‌ಗಳು ಬಂದು ಇಪ್ಪತ್ತು ಪಟ್ಟು ಮೂವತ್ತು ಪಟ್ಟು ಲಿಮಿಟ್ ಕೊಡೋಕೆ ಶುರು ಮಾಡಿದ್ರು. ಸೆಬಿ ಪೀಕ್ ಮಾರ್ಜಿನ್ ನಿಯಮ (ಟ್ರೇಡಿಗೆ ಕನಿಷ್ಠ ಇಷ್ಟು ಸ್ವಂತ ದುಡ್ಡು ದಿನದ ಯಾವ ಹೊತ್ತಲ್ಲೂ ಇರಬೇಕು ಅನ್ನೋದು) ತಂದು 2020ರ ಡಿಸೆಂಬರಿಂದ ಹಂತ ಹಂತವಾಗಿ ಬಿಗಿ ಮಾಡಿ 2021ರ ಸೆಪ್ಟೆಂಬರ್ 1ಕ್ಕೆ ಪೂರ್ತಿ ಜಾರಿ ಮಾಡ್ತು, ಈಗ ನೀವು ನೋಡ್ತಿರೋ ಐದು ಪಟ್ಟು ಅಲ್ಲಿಂದ ಬಂದಿದ್ದು. ಆಗ ಬ್ರೋಕರ್‌ಗಳೂ ಟ್ರೇಡರ್‌ಗಳೂ ಎಷ್ಟು ಬೈದ್ರು ಸೆಬಿಗೆ. ನನ್ನ ಅಭಿಪ್ರಾಯದಲ್ಲಿ ಹೊಸ ಹುಡುಗರಿಗೆ ಅದರಷ್ಟು ಒಳ್ಳೆ ಕೆಲಸ ಯಾರೂ ಮಾಡಿಲ್ಲ, ಐದು ಪಟ್ಟೂ ಜಾಸ್ತಿನೇ.

ಇನ್ನೊಂದು ಹೇಳ್ಬೇಕು, ನಮ್ಮ ಕೈಲಿ ಇಲ್ಲದ್ದೂ ಇದೆ. 2021ರ ಫೆಬ್ರವರಿ 24, ಬೆಳಿಗ್ಗೆ 11:40ಕ್ಕೆ ಎನ್‌ಎಸ್‌ಇ ಟೆಕ್ನಿಕಲ್ ತೊಂದರೆಯಿಂದ ನಿಂತೇ ಹೋಯ್ತು. ಬಿಎಸ್‌ಇ ನಡೀತಿತ್ತು. ಯಾವಾಗ ಶುರುವಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಇಂಟ್ರಾಡೇ ಪೊಸಿಷನ್ ಇಟ್ಕೊಂಡೋರದ್ದನ್ನ ಎಷ್ಟೋ ಬ್ರೋಕರ್‌ಗಳು ಬಿಎಸ್‌ಇಲಿ ಮುಚ್ಚಿಬಿಟ್ರು. ಕೊನೆಗೆ 3:45ಕ್ಕೆ ಮತ್ತೆ ತೆಗೆದು ಸಂಜೆ 5ರ ತನಕ ನಡೆಸಿದ್ರು, ಆದ್ರೆ ಅಷ್ಟೊತ್ತಿಗೆ ಎಷ್ಟೋ ಜನರದ್ದು ಮುಗಿದಿತ್ತು. ಅವತ್ತು ಯಾರ ಸ್ಟ್ರಾಟಜಿದೂ ತಪ್ಪಿಲ್ಲ. ಸಣ್ಣ ಕ್ವಾಂಟಿಟಿ ಇದ್ದೋರು ಮಾರನೇ ದಿನ ಮತ್ತೆ ಬಂದು ಕೂತ್ರು, ದೊಡ್ಡದು ಇದ್ದೋರು ಬ್ರೋಕರ್ ಜೊತೆ ಜಗಳ ಆಡ್ತಾ ಕೂತ್ರು.

ಶಿವಮೊಗ್ಗ_ಅಕ್ಕ

ನಾನು ಟ್ರೇಡ್ ಮಾಡಲ್ಲ, ನನ್ನ ತಮ್ಮ ಮಾಡ್ತಾನೆ, ಅದಕ್ಕೇ ಈ ಥ್ರೆಡ್ ಓದ್ತಾ ಇದೀನಿ. ಅವನು ಒಂದು ಟೆಲಿಗ್ರಾಮ್ ಗ್ರೂಪಿಗೆ ತಿಂಗಳಿಗೆ ದುಡ್ಡು ಕಟ್ತಾ ಇದಾನೆ, ದಿನಾ ಬೆಳಿಗ್ಗೆ ಯಾವ ಶೇರ್ ತಗೋಬೇಕು ಅಂತ ಕಳಿಸ್ತಾರಂತೆ. ಲಾಭದ ಸ್ಕ್ರೀನ್‌ಶಾಟ್ ನೋಡಿದ್ರೆ ನಂಬಿಕೆ ಬರೋ ಹಾಗೇ ಇದೆ. ಇದು ಸರಿನಾ, ಅವನಿಗೆ ಹೆಂಗೆ ಹೇಳೋದು? ಅಪ್ಪ ಅಮ್ಮನಿಗೆ ಇದೆಲ್ಲ ಗೊತ್ತಿಲ್ಲ.

ದಾವಣಗೆರೆ_ಲೆಕ್ಕ

@ಶಿವಮೊಗ್ಗ_ಅಕ್ಕ ಮೇಡಂ, ದುಡ್ಡು ತಗೊಂಡು ಶೇರ್ ಹೇಳೋರಿಗೆ ಸೆಬಿ ರಿಜಿಸ್ಟ್ರೇಷನ್ ಇರಲೇಬೇಕು. ರಿಸರ್ಚ್ ಅನಲಿಸ್ಟ್ ನಂಬರ್ ಐಎನ್‌ಎಚ್ ಅಂತ ಶುರು ಆಗುತ್ತೆ, ಇನ್ವೆಸ್ಟ್‌ಮೆಂಟ್ ಅಡ್ವೈಸರ್ ಆದ್ರೆ ಐಎನ್‌ಎ ಅಂತ. ಅವರು ಹೇಳಿದ ನಂಬರ್ ನಂಬಬೇಡಿ, ಸೆಬಿ ಸೈಟಲ್ಲಿ ಆ ಲಿಸ್ಟಲ್ಲಿ ಹೆಸರು ಹುಡುಕಿ. ನಂಬರ್ ಇದ್ರೂ ಇಷ್ಟು ಲಾಭ ಗ್ಯಾರಂಟಿ ಅಂತ ಹೇಳೋ ಹಾಗಿಲ್ಲ, ಹೇಳಿದ್ರೆ ಅಲ್ಲೇ ತಪ್ಪು ಗೊತ್ತಾಗುತ್ತೆ.

ಸ್ಕ್ರೀನ್‌ಶಾಟ್ ಬಗ್ಗೆ ಒಂದು ನಿಜವಾದ ಪ್ರಕರಣ ಹೇಳ್ತೀನಿ, ತಮ್ಮನಿಗೆ ತೋರಿಸಿ. ಬಾಪ್ ಆಫ್ ಚಾರ್ಟ್ ಅನ್ನೋ ಹೆಸರಲ್ಲಿ ಕೋರ್ಸ್ ಮಾರ್ತಿದ್ದೋರ ಮೇಲೆ 2023ರ ಅಕ್ಟೋಬರಲ್ಲಿ ಸೆಬಿ ಮಧ್ಯಂತರ ಆದೇಶ ಮಾಡಿ ಸುಮಾರು 17 ಕೋಟಿ ಜಪ್ತಿಗೆ ಹೇಳ್ತು, ರಿಜಿಸ್ಟ್ರೇಷನ್ ಇಲ್ಲದೇ ಸಲಹೆ ಕೊಡ್ತಿದ್ರು ಅಂತ. ಲಾಭ ಮಾಡೋದು ಹೇಗೆ ಅಂತ ಕಲಿಸ್ತಿದ್ದ ಅವರದ್ದೇ ಟ್ರೇಡಿಂಗಲ್ಲಿ ಎರಡೂವರೆ ವರ್ಷದಲ್ಲಿ ಕೋಟಿಗಟ್ಟಲೆ ಲಾಸ್ ಇತ್ತು ಅಂತ ಅದೇ ಆದೇಶದಲ್ಲಿದೆ. ಆಮೇಲೆ 2025ರ ಜನವರಿಯಲ್ಲಿ ಸೆಬಿ ಇನ್ನೂ ಸ್ಪಷ್ಟ ಮಾಡ್ತು, ಬರೀ ಶಿಕ್ಷಣ ಅಂತ ಹೇಳ್ಕೊಂಡು ಕ್ಲಾಸ್ ಮಾಡೋರು ಹಿಂದಿನ ಮೂರು ತಿಂಗಳ ಶೇರ್ ರೇಟ್ ಬಳಸೋ ಹಾಗಿಲ್ಲ. ಲೈವ್ ಮಾರ್ಕೆಟಲ್ಲಿ ಕಲಿಸ್ತೀವಿ ಅಂದ್ರೆ ಅದು ಶಿಕ್ಷಣ ಅಲ್ಲ ಅಂತ ಅರ್ಥ.

ಕುಡ್ಲ_ಕಡಲು

@ಶಿವಮೊಗ್ಗ_ಅಕ್ಕ ಅಕ್ಕಾ, ಇನ್ನೊಂದು ಕೇಳಿ ತಮ್ಮನ ಹತ್ರ. ಟ್ರೇಡ್ ಮಾಡುವುದು ಯಾವ ಆ್ಯಪಲ್ಲಿ, ದುಡ್ಡು ಹಾಕುವುದು ಯಾರ ಅಕೌಂಟಿಗೆ? ಗ್ರೂಪಿನವರು ಲಿಂಕ್ ಕಳಿಸಿದ ಆ್ಯಪ್ ಆದರೆ ತುಂಬಾ ಡೇಂಜರ್. ಅದರಲ್ಲಿ ಲಾಭ ತೋರಿಸ್ತಾ ಇರ್ತದೆ, ತೆಗೀಲಿಕ್ಕೆ ಹೋದರೆ ಟ್ಯಾಕ್ಸ್ ಕಟ್ಟಿ, ಫೀಸ್ ಕಟ್ಟಿ ಅಂತ ಇನ್ನೂ ಕೇಳ್ತಾರೆ. ನಿಜವಾದ ಬ್ರೋಕರ್ ಆದರೆ ಎನ್‌ಎಸ್‌ಇ ಬಿಎಸ್‌ಇ ಕಡೆಯಿಂದ ಅವನ ಮೊಬೈಲಿಗೆ ಟ್ರೇಡ್ ಮಾಡಿದ ಮೆಸೇಜ್ ಬರ್ತದೆ, ಡಿಮ್ಯಾಟ್ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್‌ನಲ್ಲಿ (ಶೇರಿನ ದಾಖಲೆ ಇಡುವ ಸಂಸ್ಥೆಗಳು) ಕಾಣ್ತದೆ. ಇದು ಯಾವುದೂ ಇಲ್ಲ ಅಂದರೆ ಇವತ್ತೇ ನಿಲ್ಲಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಹೋದ ಮೇಲೆ ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೆಯದು.

ಶಿವಮೊಗ್ಗ_ಅಕ್ಕ

ವಿಚಾರಿಸಿದೆ, ಆ್ಯಪ್ ಸರಿಯಾದ ಬ್ರೋಕರ್‌ದೇ, ಮೆಸೇಜ್ ಬರ್ತಿದೆ. ಆದ್ರೆ ಗ್ರೂಪಿನೋರ ಹೆಸರು ಸೆಬಿ ಲಿಸ್ಟಲ್ಲಿ ಸಿಗ್ಲಿಲ್ಲ. ಅವನಿಗೂ ತೋರಿಸಿದೆ, ಸುಮ್ನೆ ಕೂತು ನೋಡ್ದ, ಮುಂದಿನ ತಿಂಗಳು ಕಟ್ಟಲ್ಲ ಅಂದಿದಾನೆ. ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಮೈಸೂರು_ಗಣಿತ_ಮೇಷ್ಟ್ರು

ಟ್ರೇಡ್‌ಗಳನ್ನ ಬರೆದಿಡೋ ಡೈರಿ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ, ನಾನು ಬರೀತೀನಿ. ಬರೀ ಲಾಭ ಲಾಸ್ ಬರೆದ್ರೆ ಉಪಯೋಗ ಇಲ್ಲ, ಅದು ಬ್ರೋಕರ್ ಹತ್ರನೇ ಇರುತ್ತೆ. ಬ್ರೋಕರ್ ಹತ್ರ ಇಲ್ಲದ್ದನ್ನ ನೀವು ಬರೀಬೇಕು. ಆರ್ಡರ್ ಹಾಕೋ ಮುಂಚೆನೇ ಯಾಕೆ ತಗೋತಿದೀನಿ ಅಂತ ಒಂದು ಸಾಲು, ಎಲ್ಲಿ ತಪ್ಪು ಅಂತ ಒಪ್ಕೋತೀನಿ ಅನ್ನೋ ರೇಟು, ಮತ್ತೆ ಅದು ಹಿಂದಿನ ಟ್ರೇಡ್ ಲಾಭದಲ್ಲಿ ಮುಗಿದ ಮೇಲಾ ಲಾಸಲ್ಲಿ ಮುಗಿದ ಮೇಲಾ ಅನ್ನೋದು. ಟ್ರೇಡ್ ಮುಗಿದ ಮೇಲೆ ಬರೆದ್ರೆ ಮನಸ್ಸು ಫಲಿತಾಂಶಕ್ಕೆ ತಕ್ಕ ಕಾರಣ ಹುಡುಕಿ ಕೊಟ್ಬಿಡುತ್ತೆ, ಅದಕ್ಕೇ ಮುಂಚೆ ಬರೀಬೇಕು ಅನ್ನೋದು. ಕೊನೇ ಕಾಲಂ ಮಾತ್ರ ಆಮೇಲೆ ತುಂಬಿ: ನಾನು ಬರೆದಿದ್ದ ಹಾಗೇ ಮಾಡಿದ್ನಾ ಇಲ್ವಾ. ಲಾಭ ಬಂದ ಟ್ರೇಡಲ್ಲೂ ಇಲ್ಲ ಅಂತ ಬಂದ್ರೆ ಅದನ್ನ ತಪ್ಪಿನ ಲೆಕ್ಕಕ್ಕೇ ಹಾಕಿ. ಸ್ಟಾಪ್ ಲಾಸ್ ತೆಗೆದು ಕಾದು, ಅದೃಷ್ಟಕ್ಕೆ ಲಾಭ ಬಂದಿದ್ದು ತುಂಬಾ ಕೆಟ್ಟ ಪಾಠ ಕಲಿಸುತ್ತೆ, ಮುಂದಿನ ಸಲ ದೊಡ್ಡ ಲಾಸ್ ಆಗೋದು ಅಲ್ಲಿಂದ್ಲೇ.

ಮುಂದುವರಿಸ್ಬೇಕಾ ಅಂತ ಕೇಳಿದ್ದಕ್ಕೆ ಒಂದು ಅಂಕಿ ಮುಂದಿಡ್ತೀನಿ, ಧೈರ್ಯಗೆಡಿಸೋಕೆ ಅಲ್ಲ. ಬ್ರೆಜಿಲ್‌ನಲ್ಲಿ 2013ರಿಂದ 2015ರ ನಡುವೆ ಫ್ಯೂಚರ್ಸ್‌ನಲ್ಲಿ (ಮುಂದಿನ ತಾರೀಕಿನ ಒಪ್ಪಂದಗಳಲ್ಲಿ) ಡೇ ಟ್ರೇಡಿಂಗ್ ಶುರು ಮಾಡಿದೋರನ್ನ ಸಂಶೋಧಕರು ಹಿಂಬಾಲಿಸಿ ನೋಡಿದ್ರು. 300 ದಿನಕ್ಕಿಂತ ಹೆಚ್ಚು ಬಿಡದೇ ಮಾಡಿದೋರಲ್ಲಿ 97% ಜನಕ್ಕೆ ಲಾಸ್, ಅಲ್ಲಿನ ಕನಿಷ್ಠ ಕೂಲಿಗಿಂತ ಜಾಸ್ತಿ ದುಡಿದೋರು 1.1%. ಕೆಲಸ ಬಿಟ್ಟು ಫುಲ್ ಟೈಮ್ ಟ್ರೇಡರ್ ಆಗ್ತೀನಿ ಅನ್ನೋರು ಇದನ್ನ ಓದಿದ ಮೇಲೆ ರಾಜೀನಾಮೆ ಬರೀಲಿ.

ರಾಜಾಜಿನಗರ_ಸ್ಕ್ಯಾಲ್ಪರ್

ಆ ಕೊನೇ ಕಾಲಂ ಐಡಿಯಾ ಚೆನ್ನಾಗಿದೆ ಮೇಷ್ಟ್ರೇ, ನಾಳೆಯಿಂದ ಹಾಕ್ತೀನಿ. ಸ್ಟಾಪ್ ಲಾಸ್ ವಿಚಾರಕ್ಕೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದ್ರೆ ಹೊಸಬರಿಗೆ ಸಿಸ್ಟಮ್‌ಗೆ ಹಾಕಿ ಅಂತ್ಲೇ ಹೇಳ್ತೀನಿ. ಇನ್ನೊಂದು, ಕೆಲವು ಬ್ರೋಕರ್ ಆ್ಯಪ್‌ಗಳಲ್ಲಿ ಕಿಲ್ ಸ್ವಿಚ್ ಅಂತ ಇದೆ, ಆನ್ ಮಾಡಿದ್ರೆ ಒಂದಷ್ಟು ಹೊತ್ತು ಟ್ರೇಡ್ ಮಾಡೋಕೇ ಆಗಲ್ಲ. ಸೆಟ್ಟಿಂಗ್ಸಲ್ಲಿ ಹುಡುಕಿ.

ತುಮಕೂರು_ಹೊಸಬ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ದಿನ ಆದ್ಮೇಲೆ ಬರ್ತಿದೀನಿ. ದುಡ್ಡು ಬ್ಯಾಂಕಿಗೆ ವಾಪಸ್ ಹಾಕ್ಕೊಂಡೆ ಸರ್. ಮೇಷ್ಟ್ರು ಹೇಳಿದ ಡೈರಿ ಮುಂದಕ್ಕೆ ಬರೆಯೋದಲ್ದೆ ಹಳೇ ಟ್ರೇಡ್ ಬುಕ್ ಡೌನ್‌ಲೋಡ್ ಮಾಡಿ ಟೈಮ್ ಪ್ರಕಾರ ಜೋಡಿಸಿ ನೋಡಿದೆ. ಬೆಳಿಗ್ಗೆ 9:15ರಿಂದ 9:30ರ ಒಳಗೆ ತಗೊಂಡಿದ್ದೆಲ್ಲ ಸೇರಿಸಿದ್ರೆ ಲಾಸು. ಅದಕ್ಕಿಂತ ದೊಡ್ಡದು ಏನಂದ್ರೆ ಒಂದು ಲಾಸ್ ಆಗಿ ಹತ್ತು ನಿಮಿಷದೊಳಗೆ ಹಾಕಿರೋ ಟ್ರೇಡ್‌ಗಳು, ಅವುಗಳ ಕ್ವಾಂಟಿಟಿ ಮೊದಲನೇದಕ್ಕಿಂತ ಯಾವಾಗ್ಲೂ ಜಾಸ್ತಿ ಇದೆ, ಹೋದ ದುಡ್ಡಲ್ಲಿ ಹೆಚ್ಚಿನ ಪಾಲು ಅಲ್ಲೇ ಹೋಗಿರೋದು. ಅವೆರಡನ್ನೂ ತೆಗೆದ್ರೆ ಚಾರ್ಜಸ್ ಕಳೆದು ಹೆಚ್ಚುಕಮ್ಮಿ ಇದ್ದಲ್ಲೇ ಇರ್ತಿದ್ದೆ ಸರ್. ನಾನು ಇಷ್ಟು ದಿನ ಇಂಡಿಕೇಟರ್ ಬದಲಾಯಿಸ್ತಾ ಕೂತಿದ್ದೆ. ಈಗ ಒಂದು ಲಾಸ್ ಆದ್ರೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗ್ತೀನಿ, ಎರಡು ಆದ್ರೆ ಕಿಲ್ ಸ್ವಿಚ್.

ಜೆಸಿರೋಡ್_ಹಳಬರು

ಬಹಳ ಒಳ್ಳೆ ಕೆಲಸ ಮಾಡಿದೀಯಪ್ಪ. ಇಷ್ಟು ವರ್ಷದಲ್ಲಿ ತನ್ನ ಹಳೇ ಟ್ರೇಡ್‌ಗಳನ್ನ ತಾನೇ ಕೂತು ಟೈಮ್ ಪ್ರಕಾರ ಜೋಡಿಸಿದೋರನ್ನ ನಾನು ನೋಡಿರೋದು ಕಮ್ಮಿ. ಸಾಲ ಮಾಡಿ ಮಾತ್ರ ಯಾವತ್ತೂ ದುಡ್ಡು ಹಾಕ್ಬೇಡ, ಪರ್ಸನಲ್ ಲೋನ್ ಆಗ್ಲಿ ಮನೆಯೋರ ಚಿನ್ನ ಆಗ್ಲಿ. ಕಂತು ಕಟ್ಟೋ ತಾರೀಕು ತಲೇಲಿದ್ರೆ ನಿನ್ನ ಡೈರಿಲಿರೋ ಯಾವ ನಿಯಮನೂ ನಿಲ್ಲಲ್ಲ.

ದಾವಣಗೆರೆ_ಲೆಕ್ಕ

@ತುಮಕೂರು_ಹೊಸಬ ತುಂಬಾ ಖುಷಿ ಆಯ್ತು ಓದಿ. ಒಂದು ಎಚ್ಚರ ಮಾತ್ರ, ಹಳೇ ಡೇಟಾದಲ್ಲಿ ಕೆಟ್ಟದ್ದನ್ನ ತೆಗೆದು ನೋಡಿದ್ರೆ ಎಲ್ಲರದ್ದೂ ಚೆನ್ನಾಗೇ ಕಾಣುತ್ತೆ. ಇದ್ದಲ್ಲೇ ಇರ್ತಿದ್ದೆ ಅಂತ ಬಂದಿದೆ ಅಂದ್ರೆ ಆ ಉಳಿದ ಟ್ರೇಡ್‌ಗಳಲ್ಲಿ ದುಡಿಯೋ ಶಕ್ತಿ ಇದೆ ಅಂತ ಇನ್ನೂ ಗೊತ್ತಾಗಿಲ್ಲ, ಹೋಗೋದು ನಿಂತಿದೆ ಅಷ್ಟೇ. ಕ್ವಾಂಟಿಟಿ ಜಾಸ್ತಿ ಮಾಡೋಕೆ ಆತುರ ಬೇಡ.

ಹುಬ್ಳಿ_ಧಾರವಾಡ_ಬಸ್

ಸರ, ನೀವು ಟ್ಯಾಕ್ಸ್ ಆಫೀಸಿನ್ಯಾಗ ಇರೋದಕ್ಕ ಕೇಳಾಕತ್ತೀನಿ. ಲಾಸ್ ಆದ್ರ ರಿಟರ್ನ್ಸ್‌ನ್ಯಾಗ ತೋರಿಸೋ ಅವಶ್ಯ ಐತೇನ್ರಿ? ನಮ್ ರೂಮಿನವ್ರು ಲಾಭ ಇದ್ರ ಅಷ್ಟ ತೋರಿಸ್ಬೇಕು ಅಂತಾರ. ಮತ್ತ ಸಂಬಳದ ಟ್ಯಾಕ್ಸ್‌ನ್ಯಾಗ ಈ ಲಾಸ್ ಕಳೀಬಹುದೇನು?

ದಾವಣಗೆರೆ_ಲೆಕ್ಕ

@ಹುಬ್ಳಿ_ಧಾರವಾಡ_ಬಸ್ ತೋರಿಸ್ಬೇಕು ರೀ, ಲಾಸ್ ಇದ್ರೂ. ಶೇರ್ ಇಂಟ್ರಾಡೇನ ಇನ್‌ಕಮ್ ಟ್ಯಾಕ್ಸಲ್ಲಿ ಸ್ಪೆಕ್ಯುಲೇಟಿವ್ (ಸಟ್ಟಾ ತರದ) ಬಿಸಿನೆಸ್ ಅಂತ ತಗೋತಾರೆ, ಹಾಗಾಗಿ ಸಂಬಳದೋರು ಹಾಕೋ ಐಟಿಆರ್-1 ಆಗಲ್ಲ, ಐಟಿಆರ್-3 ಹಾಕ್ಬೇಕು. ಈ ಲಾಸನ್ನ ಸಂಬಳದಿಂದ ಕಳೆಯೋಕೆ ಆಗಲ್ಲ, ಡೆಲಿವರಿ ಶೇರಿನ ಲಾಭದಿಂದಲೂ ಆಗಲ್ಲ, ಬೇರೆ ಸ್ಪೆಕ್ಯುಲೇಟಿವ್ ಲಾಭದಿಂದ ಮಾತ್ರ. ಈ ವರ್ಷ ಲಾಭ ಇಲ್ಲ ಅಂದ್ರೆ ಮುಂದಿನ ನಾಲ್ಕು ವರ್ಷ ತನಕ ಕ್ಯಾರಿ ಫಾರ್ವರ್ಡ್ ಮಾಡಬಹುದು, ಆದ್ರೆ ಕೊನೇ ದಿನಾಂಕದೊಳಗೆ ರಿಟರ್ನ್ ಹಾಕಿದ್ರೆ ಮಾತ್ರ, ತಡ ಆದ್ರೆ ಆ ಹಕ್ಕು ಹೋಗುತ್ತೆ. ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಬೇರೆ, ಅದು ಸ್ಪೆಕ್ಯುಲೇಟಿವ್ ಅಲ್ಲದ ಬಿಸಿನೆಸ್, ಎಂಟು ವರ್ಷ ಸಿಗುತ್ತೆ, ಎರಡನ್ನೂ ಬೆರೆಸಬೇಡಿ. ಬ್ರೋಕರ್ ಸೈಟಲ್ಲಿ ಟ್ಯಾಕ್ಸ್ ಪಿ ಅಂಡ್ ಎಲ್ ಅಂತ ಬೇರೆ ರಿಪೋರ್ಟ್ ಇರುತ್ತೆ, ಅದನ್ನ ಡೌನ್‌ಲೋಡ್ ಮಾಡಿ. ಬ್ರೋಕರೇಜು ಮತ್ತು ಬೇರೆ ಚಾರ್ಜಸ್‌ನ ಖರ್ಚು ಅಂತ ತೋರಿಸಬಹುದು, ಅದನ್ನ ಬಿಟ್ಟು ಫೈಲ್ ಮಾಡ್ಬೇಡಿ. ರೂಮಿನೋರಿಗೂ ಹೇಳಿ, ಬೇಕಾದ್ರೆ ಇಲ್ಲೇ ಬಂದು ಕೇಳ್ಲಿ.